ಪಕ್ಕದ ಸಂಪುಟ

ಕಾಲೇಜಿಗೆ ಹೊಸದಾಗಿ ಸೇರಿದವರ ಕಿವಿಗೆ ಮೊದಲ ವಾರವೇ ಒಂದು ಮಾತು ಬೀಳುತ್ತಿತ್ತು: ಲೈಬ್ರರಿ ಮೇಡಂ ಹತ್ತಿರ ಹೋದರೆ ಪುಸ್ತಕ ಕೊಡುವುದು ಆಮೇಲೆ, ಮೊದಲು ಪ್ರಾಣ ತೆಗೆಯುತ್ತಾರೆ. ಹೇಳಿದವರು ಸೀನಿಯರ್‌ಗಳು, ಅವರ ಮಾತಿಗೆ ಉಪ್ಪು ಖಾರ ಸ್ವಲ್ಪ ಜಾಸ್ತಿಯೇ ಇರುತ್ತದೆ, ಬಿಡಿ. ಆದರೆ ಪೂರ್ತಿ ಸುಳ್ಳೂ ಅಲ್ಲ. "ಮೇಡಂ, ಪ್ರಾಜೆಕ್ಟಿಗೆ ಒಂದು ಪುಸ್ತಕ ಬೇಕಿತ್ತು" ಅಂತ ಯಾರಾದರೂ ಮೇಜಿನ ಮುಂದೆ ನಿಂತರೆ ಸಾಕು, ಮೇಡಂ ಕನ್ನಡಕವನ್ನು ಹಣೆಗೇರಿಸಿ, "ಪುಸ್ತಕ ಇರಲಿ. ನಿನಗೇನು ಗೊತ್ತಾಗಬೇಕು, ಅದನ್ನ ಹೇಳು" ಅನ್ನುತ್ತಿದ್ದರು. ಏನು ಗೊತ್ತಾಗಬೇಕು ಅನ್ನುವುದು ಗೊತ್ತಿದ್ದರೆ ಆ ಮಕ್ಕಳು ಲೈಬ್ರರಿಗೆ ಯಾಕೆ ಬರುತ್ತಿದ್ದವು ಪಾಪ! ತಲೆ ಕೆರೆದುಕೊಂಡು ನಿಲ್ಲುತ್ತಿದ್ದವು. ಮೇಡಂ ಪಕ್ಕದ ಕುರ್ಚಿ ಎಳೆದು ಕೂರಿಸಿ, ಕಂಪ್ಯೂಟರಿನಲ್ಲಿ ಯಾವ ಪದ ಹಾಕಿದರೆ ಏನು ಬರುತ್ತದೆ, ಯಾವುದನ್ನು ಬಿಟ್ಟರೆ ಏನು ಉಳಿಯುತ್ತದೆ ಅಂತ ತಾಳ್ಮೆಯಿಂದ ತೋರಿಸುತ್ತಿದ್ದರು. ಬೈಯುತ್ತಲೇ ತೋರಿಸುತ್ತಿದ್ದರು, ಅದು ಬೇರೆ ಮಾತು.

ಹುಡುಗರು ಅವರಿಗಿಟ್ಟ ಹೆಸರು 'ಅಡಿಟಿಪ್ಪಣಿ ಮೇಡಂ'. ಪುಟದ ಕೆಳಗೆ ಸಣ್ಣಕ್ಷರದಲ್ಲಿ, ಈ ಮಾತು ಎಲ್ಲಿಂದ ಬಂತು ಅಂತ ಬರೆದಿರುತ್ತದಲ್ಲ, ಯಾರೂ ಓದದೆ ಹಾರಿಸಿಬಿಡುವ ಜಾಗ, ಅದರ ಮೇಲೆ ಮೇಡಂಗೆ ಎಲ್ಲಿಲ್ಲದ ಪ್ರೀತಿ. ಪ್ರತಿ ತರಗತಿಗೂ ಅವರು ಎರಡು ಮಾತು ಹೇಳಿಯೇ ಹೇಳುತ್ತಿದ್ದರು. ಒಂದು, ಅಡಿಟಿಪ್ಪಣಿಯನ್ನು ನಂಬಬೇಡ, ಅದು ಹೇಳಿದ ಪುಟವನ್ನು ನೀನೇ ತೆರೆದು ನೋಡು. ಇನ್ನೊಂದು, 'ಇಲ್ಲ' ಅಂತ ಬರೆಯುವ ಮುಂಚೆ ಪಕ್ಕದಲ್ಲಿ ನೋಡು. "ಜಾಗ ತಪ್ಪಿದ ಪುಸ್ತಕ ಊರು ಬಿಟ್ಟು ಓಡಿಹೋಗಿರಲ್ಲ ಕಣ್ರೋ, ಪಕ್ಕದ ಮನೆಗೆ ಹರಟೆಗೆ ಹೋಗಿರುತ್ತೆ ಅಷ್ಟೇ" ಅನ್ನುತ್ತಿದ್ದರು. ಹುಡುಗರು ನಗುತ್ತಿದ್ದರು, ಮೇಡಂ ಮಾತ್ರ ನಗುತ್ತಿರಲಿಲ್ಲ.

ಓದುವ ಕೋಣೆಯ ಹಿಂದೆ ಗಾಜಿನ ಬಾಗಿಲಿನ ಒಂದು ಚಿಕ್ಕ ಕೋಣೆ. ಎಂ.ಎ. ಮಾಡಿದವರೆಲ್ಲ ಕೊನೆಯಲ್ಲಿ ಬರೆದು ಒಪ್ಪಿಸಿದ ಪ್ರಬಂಧಗಳು ಅಲ್ಲಿ ನೀಲಿ ರಟ್ಟು ಹೊದ್ದು ನಿಂತಿದ್ದವು. ಬರೆದವರೇ ಮತ್ತೆ ತಿರುಗಿ ನೋಡದ ಪ್ರಬಂಧಗಳು. ಅವುಗಳ ನಡುವೆ ಒಂದರ ಬೆನ್ನು ಮಾತ್ರ ಮುಟ್ಟಿ ಮುಟ್ಟಿ ಮಾಸಿತ್ತು. ಅದು ಮೇಡಂ ಮಗಳದ್ದು. ಒಬ್ಬಳೇ ಮಗಳು. ಇದೇ ಕಾಲೇಜಿನಲ್ಲಿ ಓದಿ, ಪ್ರಬಂಧ ಒಪ್ಪಿಸಿ, ಒಳ್ಳೆಯ ಅಂಕ ಬಂತೆಂದು ತಿಳಿದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. ರಕ್ತದ ಕಾಯಿಲೆ. ಹಾಗಂದರೇನು ಅಂತ ಅರ್ಥವಾಗುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಆ ಪ್ರಬಂಧದ ವಿಷಯ ಇಷ್ಟು. ಹಿಂದೆ ಆ ಊರಿನಲ್ಲಿ ಒಂದು ವಾರಪತ್ರಿಕೆ ಇತ್ತು. ಒಬ್ಬನೇ ಸಂಪಾದಕ, ಬರೆಯುವವನೂ ಅವನೇ, ಹಂಚುವವನೂ ಅವನೇ. ಊರಿನ ನೂಲಿನ ಗಿರಣಿಗೆ ಬೆಂಕಿ ಬಿದ್ದು ಕೆಲಸದವರು ಒಳಗೇ ಸುಟ್ಟುಹೋದರು. ಆ ವಾರದಿಂದ ಮೂರು ತಿಂಗಳು ಪತ್ರಿಕೆಯೇ ಇಲ್ಲ. ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರುವಾಗುತ್ತದೆ. ಹೊಸ ವರ್ಷದ ಜೊತೆ ಸಂಚಿಕೆಯ ಎಣಿಕೆಯೂ ಒಂದರಿಂದ ಶುರು, ಹಾಗಾಗಿ ನಡುವೆ ಏನಾದರೂ ಕಳೆದಿರಬಹುದೆಂಬ ಅನುಮಾನಕ್ಕೂ ಜಾಗವಿಲ್ಲ. ಗಿರಣಿಯ ಮಾಲೀಕನಿಗೆ ಹೆದರಿ ಸಂಪಾದಕ ಬಾಯಿಗೆ ಬೀಗ ಹಾಕಿಕೊಂಡ ಅಂತ ಮಗಳು ಬರೆದಿದ್ದಳು. ಬರೆದದ್ದೂ ಹೇಗೆ! ಓದಿದರೆ ಆ ಸಂಪಾದಕನ ಮೇಲೆ ಸಿಟ್ಟು ಬರಬೇಕು, ಹಾಗೆ. ಮೊದಲ ಪುಟದಲ್ಲಿ ಒಂದೇ ಸಾಲಿನ ಅರ್ಪಣೆ: 'ಇದ್ದದ್ದನ್ನೆಲ್ಲ ತಂದು ತೋರಿಸಿದ ಅಮ್ಮನಿಗೆ.'

ಆ ಸಾಲಿಗೂ ಒಂದು ಕಾರಣವಿತ್ತು. ಹಳೆಯ ಪತ್ರಿಕೆಗಳ ಸಂಪುಟಗಳಿದ್ದದ್ದು ನೆಲಮಾಳಿಗೆಯಲ್ಲಿ. ಮಗಳಿಗೆ ಆಗಲೇ ಮೆಟ್ಟಿಲಿಳಿಯುವ ಶಕ್ತಿ ಇರಲಿಲ್ಲ. ಓದುವ ಕೋಣೆಯ ಕಿಟಕಿ ಪಕ್ಕ ಶಾಲು ಹೊದ್ದು ಕೂತಿರುತ್ತಿದ್ದಳು. ಮೇಡಂ ಹತ್ತಿ ಇಳಿದು, ಒಂದೊಂದೇ ಸಂಪುಟವನ್ನು ಎದೆಗವಚಿಕೊಂಡು ತಂದು ಅವಳ ಮುಂದಿಡುತ್ತಿದ್ದರು.

ಪ್ರಬಂಧದ ಬೆನ್ನು ಮಾಸುವುದಕ್ಕೆ ಯಾರು ಕಾರಣ ಅಂತ ಬಿಡಿಸಿ ಹೇಳಬೇಕೇ? ಇತಿಹಾಸದ ಹುಡುಗರು ಬಂದರೆ, ಪತ್ರಿಕೋದ್ಯಮದವರು ಬಂದರೆ, ಕೊನೆಗೆ ದಾರಿ ತಪ್ಪಿ ವಾಣಿಜ್ಯದವರು ಬಂದರೂ ಮೇಡಂ ಏನೋ ಒಂದು ನೆಪ ತೆಗೆದು ಆ ಗಾಜಿನ ಕೋಣೆಗೆ ಕರೆದೊಯ್ಯುತ್ತಿದ್ದರು. "ಇದನ್ನ ಒಂದು ಸಲ ನೋಡು, ಪ್ರಬಂಧ ಹೇಗೆ ಬರೀಬೇಕು ಅಂತ ಗೊತ್ತಾಗುತ್ತೆ." ಮನೆಯಲ್ಲಿ ಯಜಮಾನರು ಕಾಯುತ್ತಿದ್ದರಲ್ಲ. ಅವರು ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಮೇಡಂ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಪ್ರಶ್ನೆ ಬರುತ್ತಿತ್ತು: "ಇವತ್ತು ಯಾರಾದ್ರೂ ತಗೊಂಡ್ರಾ?"

"ಹೂಂ ರೀ, ಒಬ್ಬ ತಗೊಂಡ."

"ಹೇಗಿದ್ದ? ಓದೋ ಹುಡುಗನ ಥರ ಇದ್ದನಾ?"

ಇದ್ದ ದಿನವೂ ಮೇಡಂ ಹೂಂ ಅನ್ನುತ್ತಿದ್ದರು, ಇಲ್ಲದ ದಿನವೂ ಹೂಂ ಅನ್ನುತ್ತಿದ್ದರು. ಆ ಒಂದು ಹೂಂ ಕೇಳಿದ ಮೇಲೆಯೇ ಯಜಮಾನರು ಎದ್ದು ದೀಪ ಹಾಕುತ್ತಿದ್ದದ್ದು, ಕಾಫಿಗೆ ನೀರಿಡುತ್ತಿದ್ದದ್ದು. ಎತ್ತರದ ಆಳು, ಅಷ್ಟು ದೊಡ್ಡ ಬಸ್ಸನ್ನು ಸಂದಿಗೊಂದಿಯಲ್ಲಿ ತಿರುಗಿಸಿದವರು, ಅಷ್ಟರ ಮೇಲೆ ದಿನ ದೂಡುತ್ತಿದ್ದರು.

ಆ ವರ್ಷ ಬಂದವಳು ಯಾಕಮ್ಮ. ನಿಜವಾದ ಹೆಸರು ಬೇರೆ. ಏನು ಹೇಳಿದರೂ "ಯಾಕೆ?" ಅನ್ನುತ್ತಿದ್ದಳೆಂದು ಲೈಬ್ರರಿಯ ಅಟೆಂಡರ್ ಇಟ್ಟ ಹೆಸರು ಅದು. "ಚೀಲ ಹೊರಗಿಡಮ್ಮ" ಅಂದರೆ "ಯಾಕೆ?" "ಗಲಾಟೆ ಮಾಡಬೇಡ" ಅಂದರೆ "ನಾನೆಲ್ಲಿ ಮಾಡಿದೆ, ಯಾಕೆ?" ಇತಿಹಾಸದ ಎಂ.ಎ. ಹುಡುಗಿ, ಕಡ್ಡಿ ಹಾಗಿದ್ದಳು, ಬಾಯಿ ಮಾತ್ರ ಬಜಾರಿನಷ್ಟು. ಮೇಡಂ ಅವಳ ಕೈಗೂ ಮಗಳ ಪ್ರಬಂಧ ಕೊಟ್ಟರು. ಉಳಿದವರು ಎರಡು ಪುಟ ತಿರುವಿ ಇಟ್ಟುಹೋಗುತ್ತಿದ್ದರೆ ಯಾಕಮ್ಮ ಪೂರ್ತಿ ಓದಿದಳು. ಓದಿ, ಓಡೋಡಿ ಮೇಜಿನ ಹತ್ತಿರ ಬಂದಳು.

"ಮೇಡಂ, ನಾನೂ ಇದರ ಮೇಲೇ ಬರೀತೀನಿ. ಅಕ್ಕ ಎಲ್ಲಿ ನಿಲ್ಲಿಸಿದಾರೋ ಅಲ್ಲಿಂದ. ಪತ್ರಿಕೆ ಬಾಯಿ ಮುಚ್ಕೊಂಡಿತ್ತು, ಸರಿ. ಆದ್ರೆ ಊರು ಬಾಯಿ ಮುಚ್ಕೊಳುತ್ತಾ? ಜನಕ್ಕೆ ಬೆಂಕಿ ಸುದ್ದಿ ಹೇಗೆ ಗೊತ್ತಾಯ್ತು? ಯಾರು ಯಾರಿಗೆ ಹೇಳಿದ್ರು?"

ಅವಳು ಮಗಳನ್ನು ಅಕ್ಕ ಅಂದದ್ದು ಕೇಳಿ ಮೇಡಂ ಕೈಲಿದ್ದ ಪೆನ್ನು ಕೆಳಗಿಟ್ಟರು. ಸತ್ತವಳಿಗೆ ಇಷ್ಟು ವರ್ಷದ ಮೇಲೆ ಒಬ್ಬಳು ತಂಗಿ ಹುಟ್ಟಿದ ಹಾಗಾಯಿತು. ಆದರೂ ಗತ್ತು ಬಿಡದೆ, "ಸುದ್ದಿ ಸಿಗದಿದ್ರೆ ಬೆಲೆ ಕೇಳು" ಅಂದರು. "ಗಿರಣಿ ಸುಟ್ಟ ಮೇಲೆ ನೂಲಿನ ಬೆಲೆ ಏರಲೇಬೇಕು. ಏರಿದ್ರೆ ಪೇಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು ಅಂತಾಯ್ತು. ಆಗಿನ 'ಪೇಟೆ ಧಾರಣೆ' ಪತ್ರಿಕೆ ಕೆಳಗಿದೆ, ಬರೀ ಬೆಲೆಪಟ್ಟಿ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ನಾಳೆ ಬಾ, ತೆಗೆದಿಟ್ಟಿರ್ತೀನಿ."

"ಇವತ್ತೇ ಯಾಕಾಗಲ್ಲ?"

"ಧೂಳು ಹೊಡೀಬೇಕಮ್ಮಾ ತಾಯೀ, ಹೋಗು!"

ಮಧ್ಯಾಹ್ನ ಮೇಡಂ ಮೂಗಿಗೆ ಬಟ್ಟೆ ಕಟ್ಟಿಕೊಂಡು ನೆಲಮಾಳಿಗೆಗೆ ಇಳಿದರು. ವಾರಪತ್ರಿಕೆಯ ಸಂಪುಟಗಳ ಪಕ್ಕದಲ್ಲೇ, ಅಂಟಿಕೊಂಡಂತೆ, 'ಪೇಟೆ ಧಾರಣೆ' ನಿಂತಿತ್ತು. ಬೇಕಾದ ವರ್ಷದ್ದನ್ನು ಎಳೆದು, ಮೇಜಿನ ಮೇಲೆ ಮಲಗಿಸಿ, ಬಟ್ಟೆಯಿಂದ ಒರೆಸಿ, ಹುಳ ಹಿಡಿದಿದೆಯೋ ನೋಡೋಣವೆಂದು ಹಿಂದಿನಿಂದ ಪುಟ ತಿರುವಿದರು. ಬೆಲೆಪಟ್ಟಿ ಇರಬೇಕಾದ ಕಡೆ ದೊಡ್ಡ ಅಕ್ಷರಗಳಿದ್ದವು: 'ಗಿರಣಿಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದವರು ಯಾರು?'

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪುಟದ ತಲೆಯ ಮೇಲೆ ವಾರಪತ್ರಿಕೆಯ ಹೆಸರು. ಮುಂದಿನ ಸಂಚಿಕೆ, ಅದರ ಮುಂದಿನದು, ಅದರ ಮುಂದಿನದು. ಮೂರು ತಿಂಗಳೂ ಅಲ್ಲಿದ್ದವು. ಪ್ರತಿ ವಾರವೂ ಮೊದಲ ಪುಟದಲ್ಲಿ ಅದೇ ಪ್ರಶ್ನೆ, ಅದರ ಕೆಳಗೆ ಸತ್ತವರ ಹೆಸರು, ವಯಸ್ಸು, ಅವರಿದ್ದ ಬೀದಿ. ಕೊನೆಯ ಸಂಚಿಕೆಯಲ್ಲಿ ಸಂಪಾದಕ ಬರೆದಿದ್ದ: ಮುದ್ರಣಾಲಯವನ್ನು ಗಿರಣಿಯವರು ಕೊಂಡುಕೊಂಡಿದ್ದಾರೆ, ಪತ್ರಿಕೆಯ ಹೆಸರೂ ಅವರ ಪಾಲಾಗಿದೆ, ಮುಂದಿನ ವಾರದಿಂದ ಇದರಲ್ಲಿ ಬರುವುದು ನನ್ನ ಮಾತಲ್ಲ, ಓದುಗರು ಮನ್ನಿಸಬೇಕು.

ಹೇಗಾಯಿತು ಅಂತ ಹೊಳೆಯಲು ಮೇಡಂಗೆ ಕ್ಷಣ ಹಿಡಿಯಲಿಲ್ಲ. ಎರಡೂ ಪತ್ರಿಕೆ ಒಂದೇ ಮುದ್ರಣಾಲಯದ್ದು, ಕಾಗದದ ಅಳತೆಯೂ ಒಂದೇ. ಆಗ ಸಂಪುಟ ಕಟ್ಟುತ್ತಿದ್ದ ಹಳೆಯ ಬೈಂಡರು ಬಿಡಿ ಹಾಳೆಗಳ ರಾಶಿಯನ್ನು ಅಳತೆ ನೋಡಿ, ಕೊನೆಯ ಸಾಲಿನ ಮುದ್ರಣಾಲಯದ ಹೆಸರು ನೋಡಿ ಜೋಡಿಸುತ್ತಿದ್ದರು, ತಲೆಬರಹ ನೋಡುತ್ತಿರಲಿಲ್ಲ. ಅವರ ಕೆಲಸವೇ ಹಾಗೆ. ಒಂದು ಕಟ್ಟು ಪಕ್ಕದ ರಾಶಿಗೆ ಸರಿದಿತ್ತು. ಪಕ್ಕದ ಮನೆಗೆ ಹರಟೆಗೆ ಹೋಗಿತ್ತು ಅಷ್ಟೇ.

ಮೇಡಂ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತರು. ಮಗಳ ಮಾತು ಕಿವಿಯಲ್ಲಿತ್ತು. "ಅಮ್ಮಾ, ನಡುವಿನ ಮೂರು ತಿಂಗಳದ್ದು ಸಿಗ್ಲಿಲ್ವಾ?" "ಇಲ್ಲ ಕಣೇ, ಇದ್ದದ್ದನ್ನೆಲ್ಲ ತಂದಿದೀನಿ." ಎಷ್ಟು ಸಲೀಸಾಗಿ ಅಂದುಬಿಟ್ಟಿದ್ದರು! ಅವತ್ತು ಅವಳಿಗೆ ಜ್ವರ ಏರುತ್ತಿತ್ತು, ಬೇಗ ಮನೆಗೆ ಕರೆದೊಯ್ಯಬೇಕಿತ್ತು. ಊರಿನ ಮಕ್ಕಳಿಗೆಲ್ಲ ಪಕ್ಕದಲ್ಲಿ ನೋಡು, ಪಕ್ಕದಲ್ಲಿ ನೋಡು ಅಂತ ಬಡಕೊಳ್ಳುವವಳು ಹೆತ್ತ ಮಗಳಿಗಾಗಿ ಪಕ್ಕದಲ್ಲಿ ನೋಡಿರಲಿಲ್ಲ. ಮಗಳು ಅಮ್ಮನ 'ಇಲ್ಲ'ವನ್ನು ನಂಬಿ, ಧೈರ್ಯಸ್ಥನೊಬ್ಬನನ್ನು ಹೇಡಿ ಅಂತ ಬರೆದು, ಆ ಪ್ರಬಂಧವನ್ನು ಅಮ್ಮನಿಗೇ ಅರ್ಪಿಸಿ ಹೋಗಿಬಿಟ್ಟಿದ್ದಳು. ಮೇಡಂ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು.

ಅತ್ತು ಮುಖ ತೊಳೆದ ಮೇಲೆ ಮಾಡಿದ್ದೇನು ಗೊತ್ತೇ? ಸಂಪುಟವನ್ನು ಮೇಲೆ ತಂದು, ತಮ್ಮ ಸ್ವಂತ ಬೀರುವಿನಲ್ಲಿ, ಹಳೆ ಶಾಲಿನ ಹಿಂದೆ ಇಟ್ಟು ಬೀಗ ಹಾಕಿದರು.

ಮಾರನೇ ದಿನ ಯಾಕಮ್ಮ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದಳು. ಮೇಡಂ ಅವಳ ಮುಖ ನೋಡದೆ, "ಆ ಸಂಪುಟ ಬೈಂಡಿಂಗ್‌ಗೆ ಹೋಗಿದೆಯಮ್ಮ" ಅಂದರು. ಲೈಬ್ರರಿಯಲ್ಲಿ ಇದಕ್ಕಿಂತ ಸಭ್ಯವಾದ ಸುಳ್ಳು ಇನ್ನೊಂದಿಲ್ಲ. ಯಾವಾಗ ಬರುತ್ತದೆ ಅಂದರೆ ಬಂದಾಗ ಬರುತ್ತದೆ.

ಯಾಕಮ್ಮ "ಸರಿ ಮೇಡಂ" ಅಂದಳು. ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ ಮೇಡಂಗೆ ಬೈಯಲಾದರೂ ಆಗುತ್ತಿತ್ತು.

ಕೆಲವು ವಾರ ಕಳೆದವು. ಯಾಕಮ್ಮ ಬೇರೆ ಬೇರೆ ಕಡೆ ಹುಡುಕಿ ಮೊದಲ ಅಧ್ಯಾಯ ಬರೆದು ತಂದಳು. "ಅಡಿಟಿಪ್ಪಣಿ ಸರಿಯಾಗಿದೆಯಾ ನೋಡಿಕೊಡಿ ಮೇಡಂ, ನಿಮ್ಮ ಕೈಲಿ ಬೈಸಿಕೊಳ್ದೆ ಗೈಡ್ ಹತ್ರ ಹೋಗಲ್ಲ." ಮೇಡಂ ಆ ಹಾಳೆಗಳನ್ನು ಮನೆಗೆ ಒಯ್ದರು. ಒಯ್ಯಬಾರದಿತ್ತು. ಯಜಮಾನರು ಎಲ್ಲಿಂದಲೋ ಕನ್ನಡಕ ಹುಡುಕಿ ತಂದು, ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತೇಬಿಟ್ಟರು. ಓದಲು ಬರುವುದು ನಿಧಾನ, ಆದರೆ ಮಗಳ ಹೆಸರು ಮಾತ್ರ ಎಲ್ಲಿದ್ದರೂ ಕಣ್ಣಿಗೆ ಬೀಳುತ್ತಿತ್ತು.

"ಇಲ್ನೋಡೇ! ಇಲ್ಲೂ ಇದೆ. ಅಯ್ಯೋ, ಇಲ್ಲಿ ಕೆಳಗೂ ಇದೆ ನೋಡು. ಈ ಸಣ್ಣಕ್ಷರದಲ್ಲಿ ಹಾಕೋದು ಅಂದ್ರೆ ದೊಡ್ಡ ಮರ್ಯಾದೆ ಅಂತ ನೀನೇ ಹೇಳ್ತಿದ್ಯಲ್ಲ?"

"ಹೂಂ ರೀ."

"ನನ್ನ ಹೆಸರು ಹಾಳೆ ಮೇಲೆ ಬಂದಿದ್ದು ಮೇಲಿನವರು ಬೈದು ಮೆಮೊ ಕೊಟ್ಟಾಗ ಮಾತ್ರ. ನನ್ನ ಮಗಳು ನೋಡು!" ಅಂತ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. "ಈ ಹಾಳೆಯ ಜೆರಾಕ್ಸ್ ತಂದುಕೊಡ್ತೀಯಾ? ಒಂದೇ ಸಾಕು."

ಮೇಡಂ ನೋಡುತ್ತಿದ್ದದ್ದು ಬೇರೆ ಸಾಲನ್ನು. 'ಸಂಪಾದಕನ ಹೇಡಿತನವನ್ನು ಮೊದಲು ಗುರುತಿಸಿದವಳು' ಅಂತ ಯಾಕಮ್ಮ ಬರೆದಿದ್ದಳು. ತಪ್ಪು ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ದಾಟಿತ್ತು. ನಾಳೆ ಇವಳದ್ದನ್ನು ನೋಡಿ ಮತ್ತೊಬ್ಬ ಬರೆಯುತ್ತಾನೆ. ಪ್ರತಿ ವಾರ ಸತ್ತವರ ಹೆಸರು ಅಚ್ಚು ಹಾಕಿ, ಪತ್ರಿಕೆಯನ್ನೇ ಕಳಕೊಂಡ ಆ ಮನುಷ್ಯ, ಎಂದೋ ಮಣ್ಣಾಗಿ ಹೋದವನು, ಓದಿದವರ ಬಾಯಲ್ಲೆಲ್ಲ ಹೇಡಿಯಾಗುತ್ತಾನೆ. ಮೇಡಂಗೆ ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಆದರೆ ಎದುರಿಗೆ ಯಜಮಾನರು, ಹಾಳೆಗೆ ಸಾರು ತಾಗೀತೆಂದು ತಟ್ಟೆಯನ್ನು ದೂರ ಸರಿಸಿ ಕೂತಿದ್ದರು. ಹೇಳುವುದಾದರೂ ಹೇಗೆ?

ಅದೇ ವಾರ ಪತ್ರಿಕೋದ್ಯಮದ ಹೊಸ ತಂಡಕ್ಕೆ ಲೈಬ್ರರಿ ಪಾಠವಿತ್ತು. ಓದುವ ಕೋಣೆಯಲ್ಲಿ ಬೆಂಚು ಜೋಡಿಸಿ ಹುಡುಗರನ್ನು ಕೂರಿಸಿದ್ದರು. ಹಿಂದೆ ಕಿಟಕಿ ಪಕ್ಕ, ಮಗಳು ಕೂರುತ್ತಿದ್ದ ಜಾಗದಲ್ಲೇ, ಯಾಕಮ್ಮ ತನ್ನ ಪಾಡಿಗೆ ಬರೆಯುತ್ತಿದ್ದಳು. ಮೇಡಂ ಎಂದಿನಂತೆ ಶುರು ಮಾಡಿದರು. ಅಡಿಟಿಪ್ಪಣಿಯ ಮಾತು ಹೇಗೋ ಮುಗಿಯಿತು. "ಎರಡನೇದು. 'ಇಲ್ಲ' ಅಂತ ಬರೆಯೋ ಮುಂಚೆ..." ಅಂದವರು ನಿಂತುಬಿಟ್ಟರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಮರೆತರು ಅಂದುಕೊಂಡು ಹಿಂದಿನಿಂದ ಯಾಕಮ್ಮ, ತಲೆಯೆತ್ತದೆ ಬರೆಯುತ್ತಲೇ, ಜೋರಾಗಿ ಹೇಳಿಕೊಟ್ಟಳು: "ಪಕ್ಕದಲ್ಲಿ ನೋಡು!"

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಮೇಡಂ "ಹೌದು, ಪಕ್ಕದಲ್ಲಿ ನೋಡಿ" ಅಂದರು. ಧ್ವನಿ ಅವರಿಗೇ ಕೇಳಿಸಲಿಲ್ಲ.

ಪಾಠ ಮುಗಿದು ಹುಡುಗರು ಹೋದ ಮೇಲೆ ಬೀರು ತೆಗೆದರು. ಶಾಲು ಸರಿಸಿದರು. ಸಂಪುಟವನ್ನು ಹಿಂದಿನ ಹಾಗೆಯೇ ಎದೆಗವಚಿಕೊಂಡು ಕಿಟಕಿಯ ಹತ್ತಿರ ಹೋಗಿ ಯಾಕಮ್ಮನ ಮುಂದಿಟ್ಟರು.

"ಬೈಂಡಿಂಗ್‌ನಿಂದ ಬಂತಾ ಮೇಡಂ?"

"ಹೋಗೇ ಇರಲಿಲ್ಲ. ನಾನೇ ಬಚ್ಚಿಟ್ಟಿದ್ದೆ. ಹಿಂದಿನಿಂದ ತೆಗೆದು ಓದು."

ಯಾಕಮ್ಮ ಓದುವುದನ್ನು ಮೇಡಂ ತಮ್ಮ ಮೇಜಿನಿಂದ ನೋಡುತ್ತಿದ್ದರು. ಮೊದಲು ಅವಳ ಕಣ್ಣು ಅರಳಿತು. ಆಮೇಲೆ ಪುಟ ತಿರುವುವ ಕೈ ನಿಧಾನವಾಯಿತು. ಕೊನೆಗೆ ಸಂಪುಟ ಮುಚ್ಚಿ, ಮೆಲ್ಲಗೆ ಎದ್ದು ಬಂದು, ಮೇಜಿನ ಈಚೆ ಬದಿಯ ಕುರ್ಚಿಯಲ್ಲಿ ಕೂತಳು.

"ಮೇಡಂ, ಅಕ್ಕ ಬರೆದಿದ್ದು..."

"ತಪ್ಪು."

"ನಾನು ಬೇರೆ ವಿಷಯ ತಗೋತೀನಿ ಮೇಡಂ. ಇನ್ನೂ ಟೈಮಿದೆ. ಇದನ್ನ ಎಲ್ಲಿತ್ತೋ ಅಲ್ಲೇ ಇಟ್ಬಿಡೋಣ. ಇಷ್ಟು ವರ್ಷ ಯಾರೂ ತೆಗೆದಿಲ್ಲ, ಇನ್ನು ಮುಂದೆ ಯಾರು ತೆಗೀತಾರೆ? ನಾನಂತೂ ಬಾಯಿ ಬಿಡಲ್ಲ, ಆಣೆ."

"ಯಾಕೆ?" ಅಂದರು ಮೇಡಂ.

ಯಾಕಮ್ಮನಿಗೆ ಉತ್ತರ ಗೊತ್ತಿತ್ತು. ತಲೆ ತಗ್ಗಿಸಿ ಅಳತೊಡಗಿದಳು. ಮೇಡಂ ಅವಳ ಕೈ ಹಿಡಿದುಕೊಂಡರು.

"ಅವಳಿಗೆ ಕೆಳಗಿಳಿಯೋಕೆ ಆಗ್ತಿರಲಿಲ್ಲ ಮಗಾ. ಅವಳ ಕಣ್ಣೂ ನಾನೇ, ಕಾಲೂ ನಾನೇ. ನಾನು ಇಲ್ಲ ಅಂದೆ, ಅವಳು ಇಲ್ಲ ಅಂತ ಬರೆದ್ಲು. ಅಮ್ಮನ ಮಾತನ್ನ ಯಾರು ಹೋಗಿ ಪರೀಕ್ಷೆ ಮಾಡ್ತಾರೆ? ಈಗ ನೀನು ಸುಮ್ಮನಾದ್ರೆ ಅದು ಹಾಗೇ ಉಳಿಯುತ್ತೆ. ಬದುಕಿದ್ದಿದ್ರೆ ಅವಳೇ ಇದನ್ನ ಹರಿದು ಹಾಕಿ ಮತ್ತೆ ಬರೀತಿದ್ಲು, ಅಷ್ಟು ಹಟ ಅವಳಿಗೆ. ನೀನು ಬರಿ. ಅವಳ ಹೆಸರು ಹಾಕಿ, ಇದು ತಪ್ಪು ಅಂತ ಬರಿ. ಕೆಳಗೆ ಅಡಿಟಿಪ್ಪಣಿಯಲ್ಲಿ, ಸಂಪುಟ ತಂದುಕೊಡಬೇಕಾದವಳು ಸರಿಯಾಗಿ ಹುಡುಕಲಿಲ್ಲ ಅಂತಾನೂ ಬರಿ."

"ಅಡಿಟಿಪ್ಪಣಿಯಲ್ಲಿ ಅದನ್ನೆಲ್ಲ ಬರೀತಾರಾ ಮೇಡಂ?" ಅಂದಳು ಯಾಕಮ್ಮ ಮೂಗೊರೆಸುತ್ತ.

"ಬರೀಬೇಕು. ಎಲ್ಲಿಂದ ಬಂತು ಅಂತ ಹೇಳೋಕೆ ತಾನೇ ಅದಿರೋದು? ತಪ್ಪೂ ಎಲ್ಲಿಂದಲೋ ಬಂದಿರುತ್ತೆ."

ಆ ಸಂಜೆ ಮೇಡಂ ಮನೆಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದರು. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು, ಒಳಗಿನಿಂದ ಪ್ರಶ್ನೆ ಬಂತು: "ಇವತ್ತು ಯಾರಾದ್ರೂ ತಗೊಂಡ್ರಾ?"

ಮೇಡಂ ಒಳಗೆ ಹೋಗಿ, ಎದುರಿಗೆ ಕೂತು, ಒಂದನ್ನೂ ಬಿಡದೆ ಹೇಳಿದರು. ಯಜಮಾನರು ಪೂರ್ತಿ ಕೇಳಿದರು. ಮೊದಲು ಅವರಿಗೆ ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಾಣಿಸಿತು.

"ನಿನ್ನ ಕೈಯಾರೆ ತೆಗೆದುಕೊಟ್ಯಾ?"

"ಹೂಂ."

"ಬಚ್ಚಿಟ್ಟಿದ್ದೆಯಲ್ಲ, ಹಾಗೇ ಇಡೋಕೆ ಏನಾಗಿತ್ತೇ ನಿನಗೆ? ನಾವಿಬ್ರೂ ಹೋಗೋವರೆಗಾದ್ರೂ?" ಅಂದರು ಯಜಮಾನರು. "ಅವಳದ್ದು ಅಂತ ಈ ಭೂಮಿ ಮೇಲೆ ಉಳಿದಿದ್ದು ಅದೊಂದೇ ಕಣೇ. ಅದೊಂದೇ!"

ಯಜಮಾನರು ಎದ್ದು ಹೋಗಿ ಹಿತ್ತಲ ಬಾಗಿಲಲ್ಲಿ ನಿಂತರು. ದೀಪ ಹಾಕುವವರು ಯಾರೂ ಇಲ್ಲದೆ ಮನೆ ಕತ್ತಲಾಯಿತು.

ಅವತ್ತಿನಿಂದ ಯಜಮಾನರು ಆ ಪ್ರಶ್ನೆ ಕೇಳುವುದನ್ನು ಬಿಟ್ಟರು. ಜಗಳವಿಲ್ಲ, ಬೈಗುಳವಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ಹಾಕಿದ್ದನ್ನು ತಿನ್ನುತ್ತಿದ್ದರು. ಆದರೆ ಮೇಡಂ ಸಂಜೆ ಬಾಗಿಲು ತಳ್ಳಿದಾಗ ಒಳಗೆ ನಿಶ್ಶಬ್ದ. ಮೇಡಂ ಬೇಕೆಂದೇ ಚಪ್ಪಲಿ ಬಿಡಲು ತಡ ಮಾಡುತ್ತಿದ್ದರು, ಒಂದು ಸಲವಾದರೂ ಕೇಳಲಿ ಅಂತ. ಕೇಳುತ್ತಿರಲಿಲ್ಲ. ಮಗಳು ಹೋದಾಗಲೂ ಆ ಮನೆ ಇಷ್ಟು ಖಾಲಿ ಅನ್ನಿಸಿರಲಿಲ್ಲ. ಲೈಬ್ರರಿಯಲ್ಲಿ ಮೇಡಂ ಹುಡುಗರನ್ನು ಗಾಜಿನ ಕೋಣೆಗೆ ಕರೆದೊಯ್ಯುವುದನ್ನೂ ನಿಲ್ಲಿಸಿದರು. ನೀಲಿ ರಟ್ಟಿನ ಮಾಸಿದ ಬೆನ್ನಿನ ಮೇಲೆ ಧೂಳು ಕೂರಲು ಶುರುವಾಯಿತು.

ವರ್ಷ ಮುಗಿಯುತ್ತ ಬಂದಾಗ ಯಾಕಮ್ಮನ ಪ್ರಬಂಧ ಬೈಂಡಾಗಿ ಬಂತು. ಅವಳು ಒಪ್ಪಿಸಿ, ಕಾಲಿಗೆ ನಮಸ್ಕರಿಸಿ, ಒಂದು ಮಾತೂ ಆಡದೆ ಓಡಿಹೋದಳು. ಬೆನ್ನಿಗೆ ಸಂಖ್ಯೆಯ ಚೀಟಿ ಅಂಟಿಸುವ ಕೆಲಸ ಮೇಡಂದೇ. ವಿಷಯ ಒಂದೇ ಆದ್ದರಿಂದ ಜಾಗವೂ ಮಗಳದ್ದರ ಪಕ್ಕದಲ್ಲೇ ಬರಬೇಕು. ಅಂಟು ಹಚ್ಚುವ ಮೊದಲು ಮೇಡಂ ತೆರೆದು ನೋಡಿದರು. ಎಲ್ಲರೂ ಮೊದಲ ಪುಟ ನೋಡಿದರೆ ಇವರು ಪುಟಗಳ ಅಡಿ ನೋಡುತ್ತ ಹೋದರು. ಸಂಪುಟ ತಂದುಕೊಡಬೇಕಾದವಳ ಬಗ್ಗೆ ಒಂದಕ್ಷರವೂ ಇರಲಿಲ್ಲ. ಅದರ ಬದಲು ಬೇರೇನೋ ಇತ್ತು. ಮೇಡಂ ಓದಿದರು. ಅಂಟಿನ ಬಾಟಲಿಗೆ ಮುಚ್ಚಳ ಹಾಕಿದರು. ಲೈಬ್ರರಿಯ ಇಷ್ಟು ವರ್ಷದ ಕೆಲಸದಲ್ಲಿ ಮೊದಲ ಸಲ, ಚೀಟಿ ಅಂಟಿಸದ ಪ್ರಬಂಧವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟರು.

ಯಜಮಾನರು ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು.

"ಆ ಹುಡುಗಿಯ ಪ್ರಬಂಧ ಬಂತು ರೀ."

ಯಜಮಾನರು ಹೊದಿಕೆ ಮೇಲೆಳೆದುಕೊಂಡರು.

"ಸಣ್ಣಕ್ಷರದಲ್ಲಿ ಒಂದು ಮಾತು ಬರೆದಿದಾಳೆ. ಓದ್ತೀನಿ, ಕೇಳಿ."

"ನನಗೆ ಬೇಡ" ಅಂದರು ಯಜಮಾನರು ಗೋಡೆಗೆ. "ನನ್ನ ಮಗಳು ತಪ್ಪು ಅಂತ ಅಚ್ಚು ಹಾಕಿದ್ದನ್ನ ನನ್ನ ಕಿವಿಗೆ ಹಾಕಬೇಡ."

ಮೇಡಂ ಮಂಚದ ಅಂಚಿನಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಮಗಳ ಹೆಸರಿನಿಂದ ಶುರುಮಾಡಿ ಓದಿದರು. "'ಈ ಸಂಚಿಕೆಗಳು ಆಕೆಯ ಕೈಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಈ ಪ್ರಬಂಧವನ್ನು ಆಕೆಯೇ ಬರೆದಿರುತ್ತಿದ್ದಳು, ನಾನು ಅದನ್ನು ಓದಿ ಕಲಿಯುತ್ತಿದ್ದೆ.'"

ಯಜಮಾನರು ಗೋಡೆ ಕಡೆಯಿಂದಲೇ, "ಇನ್ನೊಂದು ಸಲ ಓದು" ಅಂದರು.

ಮೇಡಂ ಓದಿದರು. 'ಆಕೆಯೇ ಬರೆದಿರುತ್ತಿದ್ದಳು' ಅನ್ನುವಲ್ಲಿಗೆ ಬಂದಾಗ ಧ್ವನಿ ಒಡೆದು ಮುಂದಕ್ಕೆ ಹೋಗಲಿಲ್ಲ. ಯಜಮಾನರು ಎದ್ದು ಕೂತು, ಪ್ರಬಂಧವನ್ನು ತಮ್ಮ ಕೈಗೆ ತೆಗೆದುಕೊಂಡು, ದಪ್ಪ ಬೆರಳನ್ನು ಸಣ್ಣಕ್ಷರದ ಕೆಳಗೆ ಇಟ್ಟು, ಒಂದೊಂದೇ ಅಕ್ಷರ ಕೂಡಿಸಿ ತಾವೇ ಓದಿದರು.

"ಬರೀತಿದ್ಲು" ಅಂದರು. "ಬದುಕಿದ್ದಿದ್ರೆ ಬರೀತಿದ್ಲು ಕಣೇ."

"ಹೂಂ ರೀ, ಬರೀತಿದ್ಲು."

ಮಗಳು ಹೋದ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ಅತ್ತಿದ್ದರು, ಒಬ್ಬರಿಗೊಬ್ಬರು ಕಾಣದ ಹಾಗೆ. ಅವತ್ತು ಒಂದೇ ಮಂಚದ ಮೇಲೆ ಕೂತು, ಆ ಪುಟ ಒದ್ದೆಯಾಗದಂತೆ ದೂರ ಹಿಡಿದುಕೊಂಡು, ಇಬ್ಬರೂ ಅತ್ತರು.